ಕದಲದ ಕೆಂಪು ಚುಕ್ಕೆ

ಶಿಕಾರಿಪುರದ ಕಾಲೇಜೊಂದರ ಲ್ಯಾಬ್ ಸಹಾಯಕ ರೇಣುಕಾಪ್ರಸಾದರು ಮನೆಯಲ್ಲೇ ಒಂದು ಸ್ಮಾರ್ಟ್ ಕನ್ನಡಿ ಕಟ್ಟಿದ್ದರು. ಹಳೇ ಟಿವಿಯ ಪರದೆಯನ್ನು ಉದ್ದಕ್ಕೆ ನಿಲ್ಲಿಸಿ, ಅದರ ಮುಂದೆ ಹಿಂದಿನ ಬೆಳಕು ತೂರಿ ಬರುವಂಥ ಕನ್ನಡಿಗಾಜು ಕೂರಿಸಿದ್ದು. ವಿಭೂತಿ ಹಚ್ಚಿಕೊಳ್ಳುವಾಗ ಮುಖದ ಪಕ್ಕದಲ್ಲೇ ಸಮಯ, ತಿಥಿ, ಮಳೆಯ ಸುದ್ದಿ ಕಾಣಬೇಕು. ಕಂಡದ್ದು ಮಾತ್ರ ಅರ್ಧ. ಉಳಿದರ್ಧ ಸಣ್ಣ ಚೀಲಕ್ಕೆ ತುರುಕಿದ ಹುಲ್ಲಿನಂತೆ ಅಂಚಿನಾಚೆ ಹೋಗಿತ್ತು.

ಸೋಮವಾರ ಬೆಳಿಗ್ಗೆ ಹೆಂಡತಿ ಜಗದಾಂಬ ಬಳ್ಳಿಗಾವಿಗೆ ದೇವರ ದರ್ಶನಕ್ಕೆ ಹೊರಟರು. ಅದೇ ಕನ್ನಡಿಯ ಮುಂದೆ ಅವಸರದಲ್ಲಿ ತಲೆ ಬಾಚಿಕೊಂಡು ತೀರ್ಪು ಕೊಟ್ಟರು: "ನಾ ಬರೋದ್ರೊಳಗೆ ಇದು ಸರಿ ಆಗ್ಬೇಕ್ರಿ. ಇಲ್ಲಾಂದ್ರೆ ನಮ್ಮವ್ವ ಕೊಟ್ಟ ಕನ್ನಡಿ ಮತ್ತೆ ಮೊಳೆಗೆ, ಇದು ಗುಜರಿಗೆ!"

ಗುರುವನ್ನು ನೆನೆದು ರೇಣುಕಾಪ್ರಸಾದರು ಕೀಬೋರ್ಡ್ ಹಿಡಿದರು. ಎದ್ದು ನಿಂತ ಪರದೆಯನ್ನು ಯಂತ್ರ ಇನ್ನೂ ಮಲಗಿದೆಯೆಂದೇ ನಂಬಿದೆ ಎಂದು ಹೊಳೆಯಲು ಎರಡು ಗಂಟೆ ಬೇಕಾಯಿತು. ರೆಸಲ್ಯೂಷನ್ನಿನ ಉದ್ದ ಅಗಲಗಳನ್ನು ಅದಲುಬದಲು ಮಾಡಿದ್ದೇ ತಡ, ಅಕ್ಷರಗಳು ಪಂಕ್ತಿಗೆ ಕೂತವರಂತೆ ಸಾಲಾಗಿ ಬಂದವು.

ಅಲ್ಲಿಗೇ ಕೈ ಮುಗಿದು ಎದ್ದಿದ್ದರೆ ಆಗುತ್ತಿತ್ತು. ಎಡ ಅಂಚಿನಲ್ಲೊಂದು ಕೆಂಪು ಚುಕ್ಕೆ ಕಣ್ಣಿಗೆ ಬಿತ್ತು. ರೆಸಲ್ಯೂಷನ್ ಇಳಿಸಿದರು, ಅಕ್ಷರಗಳು ಹಿಗ್ಗಿದವು, ಚುಕ್ಕೆ ಹಿಗ್ಗಲಿಲ್ಲ. ಚಿತ್ರವನ್ನು ತಲೆಕೆಳಗು ಮಾಡಿದರು. ತಿಥಿ ಶೀರ್ಷಾಸನ ಹಾಕಿತು, ಚುಕ್ಕೆ ಕದಲಲಿಲ್ಲ.

ಪಕ್ಕದ ಮನೆಯ ನಿವೃತ್ತ ಸರ್ವೆಯರ್ ಲೋಕಪ್ಪ ಟೇಪು ಹಿಡಿದೇ ಬಂದರು. "ಎಲ್ಲಾ ಕದಲಿದ್ರೂ ಇದೊಂದು ಕದಲಲ್ಲ ಅಂದ್ರೆ ಗಡಿಕಲ್ಲು ಕಣ್ರೀ! ಅಳೀಲೇಬೇಕು."

"ಗಾಜಿಗೆ ಕೈ ಹಚ್ಬ್ಯಾಡ್ರೀ, ಬೆರಳಿನ ಗುರ್ತು ಬೀಳ್ತೈತಿ!" ರೇಣುಕಾಪ್ರಸಾದರು ಅಡ್ಡ ಬಂದರು.

"ಯಾಕ್ರೀ, ಕನ್ನಡಿ ಮಡಿ ಉಟ್ಟೈತೇನು?"

ಅಷ್ಟರಲ್ಲಿ ಎದುರು ಮನೆಯ ವೀರಮ್ಮ ಮೆಣಸಿನಕಾಯಿ, ಉಪ್ಪು, ಒಂದು ಬಟ್ಟಲು ಕೆಂಡ ತಂದರು. "ದೃಷ್ಟಿ ಆಗೇತಪ್ಪ. ಓಣಿಗೋಣಿ ಬಾಯಿ ಬಿಟ್ಕಂಡು ನೋಡೇತಿ." ಕನ್ನಡಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದ್ದೇ ಮೂವರೂ ಕೆಮ್ಮಿ ಕೆಮ್ಮಿ ಬಗ್ಗಿದರು.

"ಘಾಟು ಬಂತಲ್ಲ, ದೃಷ್ಟಿ ಅಲ್ಲ ಬಿಡು," ಎಂದರು ವೀರಮ್ಮ ಕಣ್ಣೊರೆಸಿಕೊಳ್ಳುತ್ತ. "ದೃಷ್ಟಿ ಆಗಿದ್ರೆ ಘಾಟೇ ಬರ್ತಿರ್ಲಿಲ್ಲ."

"ಹಂಗಾದ್ರೆ ರೋಗ ಒಳಗೈತಿ. ಹಿಂದಿನಿಂದ ಬಿಚ್ರಿ!" ಎಂದರು ಲೋಕಪ್ಪ.

ರೇಣುಕಾಪ್ರಸಾದರು ಬಿಚ್ಚಿದರು. ಇನ್ನೊಂದು ಕೆಮ್ಮು ಬಂತು. ಸ್ಕ್ರೂಡ್ರೈವರ್ ಜಾರಿತು. ಒಳಗೆ ಏನೋ ಚರ್ ಎಂದು ಹರಿದು, ಪರದೆ ಅಮಾವಾಸ್ಯೆಯಂತೆ ಕಪ್ಪಾಯಿತು.

ಬಾಗಿಲಲ್ಲಿ ಜಗದಾಂಬ! ಆಕೆ ಪ್ರಸಾದದ ಚೀಲ ಇಳಿಸಿ ನೇರ ಕನ್ನಡಿಯ ಮುಂದೆ ಹೋಗಿ, ಉಗುರಿನಿಂದ ಆ ಕೆಂಪು ಚುಕ್ಕೆಯನ್ನು ಕಿತ್ತು ಹಣೆಗಿಟ್ಟುಕೊಂಡರು.

"ಮುಖ ತೊಳಿಯಾಗ ಬೊಟ್ಟು ಇಲ್ಲೇ ಅಂಟಿಸಿ ಮರ್ತಿದ್ದೆ. ಬಸ್ಸಿನ್ಯಾಗೆಲ್ಲ ಬರೀ ಹಣಿ!"

ಲೋಕಪ್ಪನವರ ಟೇಪು ತಾನಾಗಿಯೇ ಸುತ್ತಿಕೊಂಡಿತು.

ಜಗದಾಂಬ ಕಪ್ಪು ಗಾಜಿನಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡು ಮುಗುಳ್ನಕ್ಕರು. "ಅಂತೂ ಸರಿ ಮಾಡೀರಿ ನೋಡ್ರಿ! ಮುಖದ ಮ್ಯಾಲೆ ಒಂದು ಅಂಕಿ ಓಡಾಡ್ತಿಲ್ಲ. ಇನ್ಮ್ಯಾಲೆ ಇದ್ನ ಮುಟ್ಟೀರಿ ಮತ್ತೆ!"

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೇಳಿದರು, "ಗಂಟೆ ಎಷ್ಟಾತ್ರೀ?"

ರೇಣುಕಾಪ್ರಸಾದರು ಕನ್ನಡಿ ನೋಡಿದರು. ಅಲ್ಲಿ ಅವರ ಮುಖ ಬಹಳ ಸ್ಪಷ್ಟವಾಗಿ ಕಂಡಿತು. ಗಡಿಯಾರ ನೋಡಲು ಎದ್ದು ನಡುಮನೆಗೆ ಹೋದರು.