‘ಹೋಗ್ತೇನೆ’ ಎನ್ನಬಾರದವರ ‘ಗೋ’ ಪಾಠ

ಇಂಗ್ಲಿಷಿನ ‘ಗೋ’ ಕನ್ನಡದಲ್ಲಿ ಬರೆದರೆ ಒಂದೇ ಅಕ್ಷರ. ಗೋವಿನಷ್ಟೇ ಸಾಧು ಎಂದು ನಂಬಿ ಹತ್ತಿರ ಹೋದಿರೋ, ಹಾಯುತ್ತದೆ. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯ ಪಡಸಾಲೆಯಲ್ಲಿ ವಾರಕ್ಕೊಮ್ಮೆ ನಾಲ್ಕೈದು ಕನ್ನಡಿಗರಿಗೆ ಇಂಗ್ಲಿಷ್ ಮಾತಾಡಲು ಕಲಿಸುವ ನನಗೆ ಇಂಥದ್ದು ಆಗುತ್ತಲೇ ಇರುತ್ತದೆ. ಕಳೆದ ವರ್ಷವಂತೂ ಒಬ್ಬರೇ ವಿದ್ಯಾರ್ಥಿ ಸಾಕುಸಾಕು ಮಾಡಿಬಿಟ್ಟರು.

ಅವರು ಉಡುಪಿ ಕಡೆಯವರು, ಘಣಸೋಲಿಯ ಹೋಟೆಲೊಂದರಲ್ಲಿ ಸೂಪರ್‌ವೈಸರ್. ಹೋಟೆಲಿದ್ದ ಕಟ್ಟಡವನ್ನೇ ಕೆಡವಿ ಹೊಸದು ಕಟ್ಟುವವರಿದ್ದರು. ದೀಪಾವಳಿಯೊಳಗೆ ಬೇರೆ ಕೆಲಸ ಹಿಡಿಯಲೇಬೇಕು. ಖಾರಘರದ ಕಂಪನಿಯೊಂದಕ್ಕೆ ಕ್ಯಾಂಟೀನ್ ನೋಡಿಕೊಳ್ಳುವವರು ಬೇಕಾಗಿತ್ತು, ಆದರೆ ಇಂಟರ್‌ವ್ಯೂ ಇಂಗ್ಲಿಷಿನಲ್ಲಿ. ನಲವತ್ತೈದರ ಆ ಮನುಷ್ಯ ಹೊಸ ನೋಟ್‌ಬುಕ್ ಹಿಡಿದು ಬಂದು ಕೂತರು.

೧. ಮೊದಲ ವಿಘ್ನ

“ಐ ಗೋ ಅನ್ನಿ” ಎಂದೆ.

“ಬೇಡ ಟೀಚರೇ.”

“ಯಾಕೆ, ಕಷ್ಟವೇ?”

“ಕಷ್ಟ ಏನಿಲ್ಲ. ಒಳ್ಳೆ ಕೆಲಸಕ್ಕೆ ಹೊರಟವ ಹೋಗ್ತೇನೆ ಅಂತ ಹೇಳ್ಲಿಕ್ಕಿಲ್ಲ. ಬರ್ತೇನೆ ಅಂತಲೇ ಹೇಳ್ಬೇಕು.”

“ಇದು ವ್ಯಾಕರಣ ರೀ, ಶಕುನ ಅಲ್ಲ.”

ಅಡುಗೆಮನೆಯಿಂದ ಗದಗಿನ ನಮ್ಮ ಅತ್ತೆಯ ದನಿ ಬಂತು: “ಖರೇ ಹೇಳ್ಯಾರ ನೋಡು ಅವ್ರು. ದೀಪಾ ಹಚ್ಚೂ ಹೊತ್ತಿನ್ಯಾಗ ಗೋ ಗೋ ಅಂತ ಮನಿಗೆ ಬಂದೋರ್ನ ಯಾಕ ಓಡಸಾಕತ್ತಿ?”

ಅತ್ತೆಗೆ ಇಂಗ್ಲಿಷ್ ತಿಳಿಯುವುದಿಲ್ಲ ಎಂದು ಹತ್ತೊಂಬತ್ತು ವರ್ಷ ನಂಬಿದ್ದೆ. ಅವರೆದುರೇ ಗಂಡನ ಹತ್ತಿರ ಇಂಗ್ಲಿಷಿನಲ್ಲಿ ಏನೇನು ಅಂದಿದ್ದೆನೋ, ದೇವರೇ ಬಲ್ಲ!

೨. ಸಮಾನಾರ್ಥಕ

ಸರಿ, ‘ಗೋ’ ಬೇಡವಾದರೆ ಅದೇ ಅರ್ಥದ ಬೇರೆ ಪದಗಳಿವೆಯಲ್ಲ ಎಂದು ಲೀವ್, ಪ್ರೊಸೀಡ್, ಡಿಪಾರ್ಟ್ ಎಂದು ಬರೆಸಿದೆ. ಅವರಿಗೆ ಡಿಪಾರ್ಟ್ ಬಹಳ ಹಿಡಿಸಿತು. ಸ್ಟೇಷನ್ನಿನ ಬೋರ್ಡಿನಲ್ಲೂ ಇರುತ್ತದಲ್ಲ, ಗೌರವದ ಪದ.

ಮುಂದಿನ ವಾರ ಅವರ ತಾಯಿ ಪನವೇಲಿನಿಂದ ಊರಿನ ರೈಲು ಹತ್ತಿದರು. ಇವರು ಹೋಟೆಲಿನ ಗ್ರೂಪಿನಲ್ಲಿ ಇಂಗ್ಲಿಷಿನಲ್ಲೇ ಮೆಸೇಜ್ ಹಾಕಿದರು: “ಮೈ ಮದರ್ ಡಿಪಾರ್ಟೆಡ್ ದಿಸ್ ಮಾರ್ನಿಂಗ್. ವೆರಿ ಪೀಸ್‌ಫುಲ್.”

ಕೈಮುಗಿಯುವ ಚಿತ್ರಗಳು ಸಾಲಾಗಿ ಬಂದವು. ಇಂಗ್ಲಿಷಿಗೆ ಮೆಚ್ಚುಗೆ ಎಂದುಕೊಂಡು ಇವರು ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು. ಮಧ್ಯಾಹ್ನ ಹೋಟೆಲಿನ ಮಾಲೀಕ ಸೇಟ್ ಸ್ವತಃ ಇವರ ಮನೆಗೆ ಬಂದರು, ಕೈಯಲ್ಲಿ ದೊಡ್ಡ ಹೂವಿನ ಹಾರ. “ಎಲ್ಲಿ ಮಲಗಿಸಿದ್ದೀರಿ?” ಎಂದು ಮೆಲ್ಲನೆ ಕೇಳುವುದಕ್ಕೂ ಫೋನ್ ಬರುವುದಕ್ಕೂ ಸರಿಹೋಯಿತು. ಸ್ಪೀಕರಿನಲ್ಲಿ ತಾಯಿಯ ದನಿ: “ಮಗಾ, ಚಿಪ್ಳೂಣ್ ದಾಟಿತು. ನಿಂದು ಊಟ ಆಯ್ತಾ?”

ಸೇಟ್ ಹಾರ ಹಿಡಿದುಕೊಂಡೇ ಸೋಫಾದಲ್ಲಿ ಕುಸಿದರಂತೆ. ಡಿಪಾರ್ಟೆಡ್ ಎಂದರೆ ತೀರಿಹೋದರು ಎಂದೂ ಆಗುತ್ತದೆ ಎಂದು ನಾನು ಹೇಳಿಯೇ ಇರಲಿಲ್ಲ.

“ಪೀಸ್‌ಫುಲ್ ಅಂತ ಯಾಕೆ ಬರೆದಿರಿ?” ಎಂದು ನಾನು ತಲೆ ಚಚ್ಚಿಕೊಂಡೆ.

“ಕಿಟಕಿ ಸೀಟ್ ಸಿಕ್ಕಿತ್ತಲ್ಲ ಟೀಚರೇ!”

೩. ಹೊಸ್ತಿಲಲ್ಲಿ

ಈ ಗಲಾಟೆಯಿಂದ ಅತ್ತೆಗೆ ಆನೆಬಲ ಬಂತು. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಹಿಂದಿ, ಇಂಗ್ಲಿಷ್. ಅವಳು ಕಾಲೇಜಿಗೆ ಹೊರಡುತ್ತ “ಐ ಆಮ್ ಗೋಯಿಂಗ್” ಎಂದಳು. ಅತ್ತೆ ಬಾಗಿಲಿಗೆ ಅಡ್ಡ ನಿಂತರು: “ಬರ್ತೀನಿ ಅನ್ನು.”

“ಅರೇ ಆಜಿ, ಲೇಟ್ ಹೋ ರಹಾ ಹೈ! ಐ ಆಮ್ ಕಮಿಂಗ್, ಬಸ್?”

“ಗಟ್ಟ್ಯಾಗಿ ಅನ್ನು.”

“ಐ ಆಮ್ ಕಮಿಂಗ್!” ಎಂದು ಅವಳು ಕಟ್ಟಡಕ್ಕೆಲ್ಲ ಕೇಳುವಂತೆ ಕೂಗಿದಳು. ಕೆಳಗೆ ರಿಕ್ಷಾದಲ್ಲಿ ಕಾಯುತ್ತಿದ್ದ ಗೆಳತಿ ಆಗಲೇ ‘ಬೇಗ ಬಾ’ ಎಂದು ಮೇಲಕ್ಕೆ ಸನ್ನೆ ಮಾಡುತ್ತಿದ್ದಳಂತೆ. ಕಮಿಂಗ್ ಎಂದವಳು ಚಪ್ಪಲಿ ಹುಡುಕಿ ಇಳಿಯುವಷ್ಟರಲ್ಲಿ ಕಾದು ಬೇಸತ್ತ ಗೆಳತಿ ಗೋಯಿಂಗ್ ಎನ್ನದೆಯೇ ಹೋಗಿಯಾಗಿತ್ತು.

೪. ಖಾರಘರದಲ್ಲಿ

ಇಂಟರ್‌ವ್ಯೂ ದಿನ ಬಂತು. ಕೇಳಿದ್ದಕ್ಕೆಲ್ಲ ಅವರು ತಪ್ಪೋ ಒಪ್ಪೋ ಉತ್ತರ ಕೊಟ್ಟರಂತೆ. ಕೊನೆಗೆ ಸಾಹೇಬರು, “ಯೂ ಮೇ ಗೋ” ಎಂದರು.

ಇಷ್ಟು ಒಳ್ಳೆಯ ಕೆಲಸಕ್ಕೆ ಬಂದವರಿಗೆ ‘ಗೋ’ ಎನ್ನುವುದುಂಟೆ? ಇವರು ಎದ್ದು ಕೈ ಮುಗಿದು, “ಐ ವಿಲ್ ಕಮ್, ಸರ್” ಎಂದರು.

ಸಾಹೇಬರು ಕಕ್ಕಾಬಿಕ್ಕಿಯಾಗಿ, “ವೆನ್?” ಎಂದರು.

“ಮಂಡೇ. ಏಟ್ ಓ ಕ್ಲಾಕ್.”

ಪಕ್ಕದಲ್ಲಿದ್ದ ಮರಾಠಿ ಮೇಡಂಗೆ ನಗು ತಡೆಯಲಾಗಲಿಲ್ಲ. ಅವರಲ್ಲೂ ಹೊರಡುವಾಗ ‘ಯೇತೋ’, ಬರ್ತೇನೆ, ಎಂದೇ ಹೇಳುವುದು. “ಯಾ, ಯಾ” ಎಂದು ಬೀಳ್ಕೊಟ್ಟರು. ಮರಾಠಿಯಲ್ಲಿ ‘ಯಾ’ ಎಂದರೆ ‘ಬನ್ನಿ’. ಇಂಗ್ಲಿಷಿನಲ್ಲಿ ‘ಹೂಂ’. ಇವರು ಎರಡನ್ನೂ ಸೇರಿಸಿ ಕೆಲಸ ಸಿಕ್ಕಿತು ಎಂದೇ ತಿಳಿದರು.

“ಅಯ್ಯೋ, ಅದು ಬರೀ ಉಪಚಾರದ ಮಾತು ರೀ” ಎಂದರೆ ಕೇಳಬೇಕಲ್ಲ! ಸೋಮವಾರ ಎಂಟಕ್ಕೆ ಇಸ್ತ್ರಿ ಶರ್ಟ್ ಹಾಕಿಕೊಂಡು ಕಂಪನಿಯ ಗೇಟಿನಲ್ಲಿ ನಿಂತರು. ಒಳಗೆ ಮೇಡಂ ತಲೆಮೇಲೆ ಕೈ ಹೊತ್ತು ಕೂತಿದ್ದರು. ಅವರು ಆರಿಸಿದ್ದು ಅರಳು ಹುರಿದಂತೆ ಇಂಗ್ಲಿಷ್ ಮಾತಾಡುವ ಬೇರೊಬ್ಬನನ್ನು. ಅವನು ಆಗಷ್ಟೇ ಫೋನ್ ಮಾಡಿ, “ಐ ಆಮ್ ಗೋಯಿಂಗ್ ಸಮ್‌ವೇರ್ ಎಲ್ಸ್” ಎಂದಿದ್ದ. ಗೋಯಿಂಗ್ ಎಂದವನು ಹೋದ, ಬರ್ತೇನೆ ಎಂದವರು ಗೇಟಿನಲ್ಲೇ ಇದ್ದರು. ಕೆಲಸ ಇವರಿಗೇ ಆಯಿತು.

ಸಂಜೆ ಮೈಸೂರ್ ಪಾಕ್ ತಂದರು. ನನಗೆ ಕಣ್ಣು ತುಂಬಿ ಬಂತು. ಬೆಳಗ್ಗೆ ಎಂಟಕ್ಕೆ ಡ್ಯೂಟಿಯಾದರೂ ಕ್ಲಾಸ್ ಬಿಡುವುದಿಲ್ಲ ಎಂದರು. ಹೊರಟಾಗ ಬಾಗಿಲಲ್ಲಿ ಕೈ ಮುಗಿದು, “ಐ ವಿಲ್ ಕಮ್, ಟೀಚರ್” ಎಂದರು.

“ವೆನ್?” ಎಂದೆ.

“ಮಂಡೇ!”

ಆಮೇಲೆ ಎಷ್ಟೋ ಸೋಮವಾರಗಳು ಬಂದುಹೋದವು, ಅವರದು ಮಾತ್ರ ಪತ್ತೆಯಿಲ್ಲ. ಬೇಜಾರು ಮಾಡಿಕೊಂಡರೆ ಅತ್ತೆ ಸಮಾಧಾನ ಹೇಳುತ್ತಾರೆ: “ಹೋಗ್ತೀನಿ ಅಂದಿಲ್ಲಲ್ಲ, ಬರ್ತಾರ ತಗೋ.”