ಉಪಾಹಾರ ಕೂಟ ಮತ್ತು ಘಂಟಾಗಾಡಿ

ಹೆಂಡತಿ ಮಾಡಿದ ಉಪ್ಪಿಟ್ಟನ್ನು ಮನೆಯ ತಟ್ಟೆಯಲ್ಲಿ ಅನಾಥವಾಗಿ ಬಿಟ್ಟು, ಹೊರಗೆ ಹೋಗಿ ಅದೇ ಉಪ್ಪಿಟ್ಟನ್ನು ಟೈ ಕಟ್ಟಿಕೊಂಡು ತಿನ್ನುವ ಗಂಡಸಿಗೆ ಏನು ಶಿಕ್ಷೆ ವಿಧಿಸಬೇಕೆಂಬುದನ್ನು ಶಾಸ್ತ್ರಕಾರರು ಎಲ್ಲಿಯೂ ಬರೆದಿಲ್ಲ. ಅವರು ಬರೆಯದೆ ಬಿಟ್ಟದ್ದರಿಂದಲೇ ಪುಣೆಯ ಬಿಬವೇವಾಡಿಯ ಶಿವಪ್ರಕಾಶರು ಪ್ರತಿ ತಿಂಗಳ ಮೊದಲ ಶನಿವಾರ, ಸ್ವಾರಗೇಟ ಬಳಿಯ ಸಭಾಗೃಹದಲ್ಲಿ ಜರುಗುವ ‘ಕನ್ನಡ ಉದ್ಯಮಿಗಳ ಉಪಾಹಾರ ಕೂಟ’ಕ್ಕೆ ನಿರ್ಭಯವಾಗಿ ಹೋಗಿಬರುತ್ತಿದ್ದರು. ಇದು ಅವರ ಧರ್ಮಪತ್ನಿ ನೀತಾಳ ಅಚಲವಾದ ಅಭಿಪ್ರಾಯ.

ಶಿವಪ್ರಕಾಶರದು ಮಾರ್ಕೆಟ್ ಯಾರ್ಡಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಸಗಟು ವ್ಯಾಪಾರ. ಕೂಟದ ಉಳಿದ ಸದಸ್ಯರೂ ಅದೇ ಯಾರ್ಡಿನವರು. ವಾರವಿಡೀ ಒಬ್ಬರ ಗಾದಿಯ ಮೇಲೆ ಇನ್ನೊಬ್ಬರು ಕುಳಿತು ಚಹಾ ಕುಡಿಯುವವರು. ಆದರೂ ಆ ಶನಿವಾರ ಮಾತ್ರ, ಜನ್ಮದಲ್ಲಿ ಪರಸ್ಪರ ಮುಖ ಕಾಣದವರಂತೆ ಕೈಕುಲುಕಿ ವಿಸಿಟಿಂಗ್ ಕಾರ್ಡು ವಿನಿಮಯ ಮಾಡಿಕೊಳ್ಳುತ್ತಿದ್ದರು. (ಕೂಟದ ಅಧ್ಯಕ್ಷರೂ ಬೆಲ್ಲದ ವ್ಯಾಪಾರಿಗಳೂ ಆದ ಈರಬಸಪ್ಪನವರು ತಮ್ಮ ಸ್ವಂತ ಅಳಿಯನಿಗೇ ಪ್ರತಿ ಸಲ ಕಾರ್ಡು ಕೊಡುತ್ತಾರೆ. ಅಳಿಯನೂ ಪ್ರತಿ ಸಲ ‘ತಮ್ಮ ಪರಿಚಯ ಆಗಿ ಭಾಳ ಸಂತೋಷ ಆತು’ ಎನ್ನುತ್ತಾನೆ.)

“ಇದಕ್ಕ ನೆಟ್‌ವರ್ಕಿಂಗ್ ಅಂತಾರ. ನಿನಗ ತಿಳಿಯೂದಿಲ್ಲ,” ಎಂದರು ಶಿವಪ್ರಕಾಶರು, ಕನ್ನಡಿಯ ಮುಂದೆ ಟೈಯೊಡನೆ ಹೋರಾಡುತ್ತ.

“ನೆಟ್ಟಗ ಒಂದು ವರ್ಕ್ ಮಾಡಿದ್ದು ನಾ ಅಂತೂ ಕಂಡಿಲ್ರಿ. ಗೇಟಿನ ಮುಂದಿನ ತಿಪ್ಪಿ ನೋಡೀರಿಲ್ಲೊ? ಇವತ್ತ ಅದಕ್ಕ ಹಲಸಿನ ಸಿಪ್ಪಿ ಬಂದದ. ಅದಕ್ಕೂ ಒಂದು ಕಾರ್ಡ್ ಕೊಟ್ಟ ಹೋಗ್ರಿ.”

ಈ ತಿಪ್ಪೆಯೇ ನೀತಾಳ ಎದೆಯ ಮೇಲಿನ ಬಂಡೆ. ಪಾಲಿಕೆಯ ಕಸದ ಗಾಡಿ, ಪುಣೆಯವರ ಬಾಯಲ್ಲಿ ಘಂಟಾಗಾಡಿ, ದಿನವೂ ಗಂಟೆ ಬಾರಿಸುತ್ತ ಬರುತ್ತಿತ್ತು. ಆದರೆ ಅವಳ ಮನೆಯ ತಿರುವಿನಲ್ಲಿ, ಹಿಂದೆ ಪೊಲೀಸರು ಬಿದ್ದಿದ್ದಾರೆಂಬಂತೆ ನಿಲ್ಲದೆ ಓಡಿಬಿಡುತ್ತಿತ್ತು. ಬಕೆಟ್ ಹಿಡಿದು ಅಟ್ಟಿಸಿಕೊಂಡು ಬಂದ ಗಲ್ಲಿಯ ಜನ, ಏದುಸಿರು ಬಿಡುತ್ತ ನಿಂತು, ಅತ್ತಿತ್ತ ನೋಡಿ, ಅವಳ ಕಾಂಪೌಂಡಿನ ಬುಡದಲ್ಲಿಯೇ ಎಲ್ಲವನ್ನೂ ಸುರುವಿ ಹೋಗುತ್ತಿದ್ದರು. ಬೆಳಗ್ಗೆ ಅವಳು ಬಿಡಿಸಿದ ರಂಗೋಲಿ ಮಧ್ಯಾಹ್ನದ ಹೊತ್ತಿಗೆ ಹಳಸಿದ ಅನ್ನದ ಅಡಿಯಲ್ಲಿ ಸಮಾಧಿಯಾಗುತ್ತಿತ್ತು. ಪಾರ್ಸಲ್ ತರುವವನು ಫೋನಿನಲ್ಲಿ ‘ಆ ತಿಪ್ಪೆಯ ಪಕ್ಕದ ಮನೆಯೇ ತಾನೆ?’ ಎಂದು ಕೇಳಿದ ದಿನ ಅವಳು ಊಟ ಮಾಡಲಿಲ್ಲ.

ಟೈ ಕೊನೆಗೂ ಶರಣಾಗಲು, ಶಿವಪ್ರಕಾಶರು ಘನವಾಗಿ ತಿರುಗಿದರು. “ಇವತ್ತಿನ ವಿಷಯನ ‘ಉದ್ಯಮಿ ಮತ್ತು ನಾಗರಿಕ ಕರ್ತವ್ಯ’ ಅದ. ಪಾಲಿಕೆಯ ಸಾಹೇಬ್ರು ಬರಾವರಿದ್ದಾರ. ಎಲ್ಲಾರೂ ಸಪತ್ನೀಕ ಬರ್ರಿ ಅಂದಾರ. ನೀನೂ ನಡಿ. ತಿಪ್ಪಿ ವಿಷಯ ಸಾಹೇಬ್ರ ಮುಂದ ನಾನ ತೆಗಿತೀನಿ.”

ನೀತಾ ಇಳಕಲ್ಲ ಸೀರೆ ಉಟ್ಟು ಹೊರಟಳು.

ಕೂಟದ ನಿಯಮ ಕಠೋರವಾದುದು. ಒಬ್ಬೊಬ್ಬರಿಗೆ ಒಂದೇ ನಿಮಿಷ. ಮೀರಿದರೆ ಅಧ್ಯಕ್ಷರು ಪೂಜೆಯ ಗಂಟೆ ಬಾರಿಸುತ್ತಾರೆ. ಮೊದಲು ಎದ್ದ ಈರಬಸಪ್ಪನವರು, “ಸಾಹೇಬ್ರ, ನಮ್ಮ ಬೆಲ್ಲ ಸ್ವಚ್ಛ ಅದ. ಅದರಂಗ ಊರೂ ಸ್ವಚ್ಛ ಇರಬೇಕು. ಒಂದ ಕೇಜಿ ಇದ್ರೂ ಮನಿ ತನಕ ಮುಟ್ಟಸ್ತೀವಿ,” ಎಂದು ನಾಗರಿಕ ಕರ್ತವ್ಯವನ್ನು ಪೂರೈಸಿ, ಮರಾಠಿಯಲ್ಲಿಯೂ ಅದನ್ನೇ ಹೇಳಿ ಕುಳಿತರು. ಕನ್ನಡ ಬಾರದ ಸಾಹೇಬರು ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸುತ್ತ ತಲೆದೂಗಿದರು.

ಶಿವಪ್ರಕಾಶರ ಸರದಿ ಬಂತು. ನೀತಾ ಸೆರಗು ಸರಿಪಡಿಸಿಕೊಂಡು ಕಿವಿ ನೆಟ್ಟಗೆ ಮಾಡಿದಳು.

“ನಮ್ಮ ಬ್ಯಾಡಗಿ ಮೆಣಸಿನಕಾಯಿ ವಿಶೇಷ ಏನಂದ್ರ, ಬಣ್ಣ ಹೆಚ್ಚು, ಖಾರ ಕಡಿಮಿ...”

“ಮಾಲಕರೂ ಹಂಗ ಇದ್ದಾರ,” ಎಂದಳು ನೀತಾ. ಮೆಲ್ಲಗೆ ಹೇಳುವುದು ಅವಳ ಉದ್ದೇಶವಾಗಿತ್ತು. ಮೂರನೆಯ ಸಾಲಿನವರೆಗೂ ಕೇಳಿಸಿತು.

ಗಂಟೆ ಮೊಳಗಿತು. ಶಿವಪ್ರಕಾಶರು ತಿಪ್ಪೆಯ ಸುದ್ದಿಯನ್ನೇ ಎತ್ತದೆ, ಸಾಹೇಬರ ಕೈಗೆ ಒಂದು ಕಾರ್ಡನ್ನಿತ್ತು ಕುಳಿತರು. ನೀತಾಳ ನೆತ್ತಿಗೆ ಅದೇ ಬ್ಯಾಡಗಿಯ ಬಣ್ಣ ಏರಿತು. ಅವಳು ಎದ್ದು ನಿಂತು, ತೋರುಬೆರಳನ್ನು ನೇರವಾಗಿ ಅಧಿಕಾರದ ಕಡೆಗೆ ಚಾಚಿ ಗರ್ಜಿಸಿದಳು:

“ಸಾಹೇಬ! ಕಸ!”

ಸಾಹೇಬರು ಚಮಚ ಕೆಳಗಿಟ್ಟು, ಕೈಮುಗಿದು, ಹಿಗ್ಗಿನಿಂದ ಉತ್ತರಿಸಿದರು: “ಮಜೇತ, ತಾಈ, ಮಜೇತ! ತುಮ್ಹೀ ಕಶಾ ಆಹಾತ?”

ಮರಾಠಿಯಲ್ಲಿ ‘ಕಸ’ ಎಂದರೆ ‘ಹೇಗೆ’, ‘ಮಜೇತ’ ಎಂದರೆ ‘ಮಜವಾಗಿದ್ದೇನೆ’. ಊರೆಲ್ಲ ಕೊಳೆಯುತ್ತಿರುವಾಗ ತಮ್ಮ ಕುಶಲ ವಿಚಾರಿಸುವ ಗೃಹಿಣಿಯೊಬ್ಬಳು ಸಿಕ್ಕಳೆಂದು ಸಾಹೇಬರು ಕರಗಿ ಹೋಗಿದ್ದರು.

“ಕಸ ಹೋ, ಕಸ! ರೋಜ ಕಸ!”

“ರೋಜ ಮಜೇತ!” ಎಂದರು ಸಾಹೇಬರು.

ಸಭೆಯಲ್ಲಿ ನಗೆ ಸಿಡಿಯಿತು. ಶಿವಪ್ರಕಾಶರು ಸೆರಗಿನ ತುದಿ ಜಗ್ಗಿ ಪಿಸುಗುಟ್ಟಿದರು: “ಏ, ಕಚರಾ ಅನ್ನಬೇಕ. ನೀ ಕೂಡು ಮಾರಾಯ್ತಿ, ನಾ ಹೇಳ್ತೀನಿ.”

“ನೀವು ಹೇಳಿದ್ದು ಕೇಳಿದ್ನಲ್ಲ, ಮೆಣಸಿನಕಾಯಿ! ಸುಮ್ಮ ಕೂಡ್ರಿ. ಪುಣೇಕ್ಕ ಬಂದು ಹದಿನಾರು ವರ್ಷ ಆತು, ನನಗ ಮರಾಠಿ ಬರ್ತದ.” (ಬರುತ್ತಿತ್ತು, ಕೊತ್ತಂಬರಿ ಕೊಳ್ಳುವಷ್ಟು. ಕೊತ್ತಂಬರಿ ಮಾರುವವಳು ವಿಜಯಪುರದ ಕಡೆಯವಳೆಂಬುದನ್ನೂ ಇಲ್ಲಿ ದಾಖಲಿಸಬೇಕು.)

ನೀತಾ ಉಸಿರು ಎಳೆದುಕೊಂಡು, ಒಂದೊಂದು ಪದವನ್ನೂ ಕಲ್ಲಿನಲ್ಲಿ ಕೆತ್ತುವಂತೆ ನುಡಿದಳು: “ಕಚರಾ! ಘಂಟಾಗಾಡೀ! ಆಮಚ್ಯಾ ದಾರಾತ! ಥಾಂಬಾ ಪಾಹಿಜೇ!”

ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. “ತುಮಚ್ಯಾ ದಾರಾತ? ನಕ್ಕೀ?” ನಿಮ್ಮ ಬಾಗಿಲಲ್ಲಿಯೇ? ಖಂಡಿತವೇ?

“ನಕ್ಕೀ! ಆಮಚ್ಯಾ ದಾರಾತಚ!”

ಸಾಹೇಬರು ಪೂರ್ತಿ ಎದ್ದು, ಕಣ್ಣೊರೆಸಿಕೊಂಡು, ಬಿರುಗಾಳಿಯ ವೇಗದ ಮರಾಠಿಯಲ್ಲಿ ಭಾಷಣ ಮಾಡಿದರು. ಅದರಲ್ಲಿ ನೀತಾಳ ಕೈಗೆ ಸಿಕ್ಕಿದ್ದು ‘ತ್ಯಾಗ’ ಮತ್ತು ‘ಆದರ್ಶ’ ಎಂಬ ಎರಡೇ ಪದಗಳು. ಎರಡೂ ತನಗೆ ಸಲ್ಲತಕ್ಕವೇ ಆದ್ದರಿಂದ ಅವಳು ಗಂಭೀರವಾಗಿ ತಲೆಯಾಡಿಸಿದಳು. ಚಪ್ಪಾಳೆ ಮುಗಿಲು ಮುಟ್ಟಿತು.

ಶಿವಪ್ರಕಾಶರು ಮಾತ್ರ ಬಿಳಿಚಿಕೊಂಡಿದ್ದರು. “ನೀತಾ, ಅವ್ರು ತಿಳಕೊಂಡದ್ದು ಬ್ಯಾರೇನ ಅದ...”

“ಚಪ್ಪಾಳಿ ಕೇಳಸವಲ್ತೇನ್ರಿ ನಿಮಗ? ಹೊಟ್ಟಿಕಿಚ್ಚು ಪಡಬ್ಯಾಡ್ರಿ.”

ಸೋಮವಾರ ಬೆಳಗ್ಗೆ ನೋಡಿದರೆ ತಿಪ್ಪೆ ಮಾಯ! ನೆಲ ಗುಡಿಸಿ, ಸುಣ್ಣದ ಪುಡಿ ಚೆಲ್ಲಿ, ಕಾಂಪೌಂಡಿನ ಗೋಡೆಯನ್ನೂ ತೊಳೆದಿದ್ದರು. ನೀತಾ ಸೊಂಟದ ಮೇಲೆ ಕೈಯಿಟ್ಟು ಗಂಡನನ್ನು ಕರೆದಳು. “ನೋಡ್ರಿ. ಇದಕ್ಕ ವರ್ಕಿಂಗ್ ಅಂತಾರ. ನೆಟ್ ನಿಮ್ಮ ಕಡೇನ ಇರ್ಲಿ.”

ಅಷ್ಟರಲ್ಲಿ ಘಂಟಾಗಾಡಿ ಬಂತು. ನಿಂತಿತು. ನೀತಾ ಮಹಾರಾಣಿಯಂತೆ ಬಕೆಟ್ ಒಪ್ಪಿಸಿದಳು. ಗಾಡಿ ಹೊರಡಲಿಲ್ಲ. ಅದರ ಹಿಂದೆ ಇನ್ನೊಂದು ಬಂದು ನಿಂತಿತು. ಅದರ ಹಿಂದೆ ಮತ್ತೊಂದು. ಸುತ್ತಲಿನ ಗಲ್ಲಿಗಳ ಗಾಡಿಗಳೆಲ್ಲ ತಮ್ಮ ತಮ್ಮ ಗಂಟೆಗಳನ್ನು ಬಾರಿಸುತ್ತ, ಊರ ದೇವರೆಲ್ಲ ಒಂದೇ ಅಂಗಳಕ್ಕೆ ಇಳಿದಂತೆ ಸಾಲುಗಟ್ಟಿದವು. ಆನೆಯ ಗಾತ್ರದ ಲಾರಿಯೊಂದು ಹಿಮ್ಮುಖವಾಗಿ ಬಂದು ಬಾಯಿ ತೆರೆಯಿತು. ಗಾಡಿಗಳು ಒಂದೊಂದಾಗಿ ತಮ್ಮ ಗರ್ಭವನ್ನು ಅದಕ್ಕೆ ಬರಿದು ಮಾಡತೊಡಗಿದವು. ಇಬ್ಬರು ಕೆಲಸದವರು ಗೇಟಿನ ಪಕ್ಕ ಗುಂಡಿ ತೋಡಿ, ‘ಘಂಟಾಗಾಡೀ ಥಾಂಬಾ’ ಎಂದು ಬರೆದ ಹಳದಿ ಫಲಕವೊಂದನ್ನು ಭದ್ರವಾಗಿ ನಿಲ್ಲಿಸಿದರು.

“ಏನ್ರಿ ಇದು ಅನಾಹುತ?” ಎಂದಳು ನೀತಾ, ಸೆರಗಿನಿಂದ ಮೂಗು ಮುಚ್ಚಿಕೊಂಡು.

“ನೀ ಬೇಡಿದ್ದ, ಮಾರಾಯ್ತಿ. ‘ಥಾಂಬಲೀ ಪಾಹಿಜೇ’ ಅಂದ್ರ ಗಾಡಿ ನಿಲ್ಲಬೇಕು. ‘ಥಾಂಬಾ ಪಾಹಿಜೇ’ ಅಂದ್ರ ಸ್ಟಾಪ್ ಬೇಕು, ಬಸ್ ಸ್ಟಾಪ್ ಇದ್ದಂಗ. ಸುತ್ತಲಿನ ಗಾಡಿಗೆಲ್ಲಾ ನಮ್ಮ ಬಾಗಲದಾಗ ಸ್ಟಾಪ್ ಕೊಟ್ರು. ಯಾರೂ ತಮ್ಮ ಮನಿ ಮುಂದ ಒಲ್ಲೆ ಅಂತಿದ್ರಂತ, ನೀ ಒಬ್ಬಾಕಿನ ಕೇಳಿ ಇಸಕೊಂಡಿ.”

ಗಾಳಿ ಬೀಸಿತು. ಆ ಗಾಳಿಯ ವರ್ಣನೆ ಇಲ್ಲಿ ಬೇಡ.

ಶಿವಪ್ರಕಾಶರು ಮೊಬೈಲ್ ಮುಂದೆ ಚಾಚಿದರು. ಅವರ ಮುಖದಲ್ಲಿ ಕರುಣೆಗಿಂತ ಬೇರೆ ಏನೋ ಹೆಚ್ಚಾಗಿ ಕಾಣುತ್ತಿತ್ತು. “ಸಾಹೇಬ್ರ ನಂಬರ್ ಅದ. ಒಂದ ಮಾತು ಹೇಳಿಬಿಡು: ‘ತಪ್ಪಾತ್ರಿ, ನನಗ ಮರಾಠಿ ಬರೂದಿಲ್ಲ’ ಅಂತ. ಸಂಜಿ ಅನ್ನೂದ್ರಾಗ ಎಲ್ಲಾ ಎತ್ತಿಸ್ತಾರ.”

ನೀತಾ ಮೊಬೈಲನ್ನು ನೋಡಿದಳು, ಗಂಡನ ಮೀಸೆಯ ಅಡಿಯಲ್ಲಿ ಹಲ್ಲು ಕಚ್ಚಿ ಹಿಡಿದ ನಗೆಯನ್ನು ನೋಡಿದಳು, ಲಾರಿಯನ್ನು ನೋಡಿದಳು. ಬಳಿಕ ರಸ್ತೆಯ ಕಡೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ, ಚಿಲಕ ಹಾಕಿ, ಊದುಬತ್ತಿಯ ಕಟ್ಟನ್ನು ಇಡಿಯಾಗಿ ಹಚ್ಚಿದಳು.

“ನನ್ನ ಮರಾಠಿ ಬರೋಬ್ಬರಿನ ಅದ,” ಎಂದಳು ಹೊಗೆಯ ನಡುವಿನಿಂದ. “ನನಗ ಥಾಂಬಾನ ಬೇಕಾಗಿತ್ತು.”