ಅಕ್ಕನ ಎರಡನೇ ಪ್ರತಿ

ನಾನು ಮಾಡದೆ ಹೋದದ್ದು ಇಷ್ಟೇ: ಹತ್ತು ನಿಮಿಷ ಕಾಯುವುದು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ನಿಜ. ಆದರೆ ಕಾಯುವುದಕ್ಕೆ ಓದು ಬೇಕೇ? ಆದರೂ ಕಾಯಲಿಲ್ಲ.

ಅದನ್ನು ಹೇಳುವ ಮೊದಲು ನಮ್ಮ ಅಕ್ಕನ ವಿಷಯ ಹೇಳಬೇಕು. ಹುಣಸೂರು ತಾಲ್ಲೂಕಿನಲ್ಲಿ ಯಾರನ್ನೂ ನಂಬದ ಹೆಂಗಸು ಯಾರು ಎಂದು ಪಂದ್ಯ ಇಟ್ಟಿದ್ದರೆ ಮೊದಲ ಬಹುಮಾನ ಅವಳಿಗೇ. ಬಹುಮಾನ ಕೊಟ್ಟವರನ್ನೂ ನಂಬದೆ, ಒಳಗೆ ಏನಿದೆಯೆಂದು ಅಲ್ಲೇ ಬಿಚ್ಚಿ ನೋಡುತ್ತಿದ್ದಳು!

ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ವಾಪಸ್ ಬಂದು ಬೀಗ ಎಳೆದು ನೋಡುವಳು. ಉಪ್ಪಿನಕಾಯಿ ಎರಡು ಜಾಡಿ. ಒಂದು ತಿನ್ನಲು, ಇನ್ನೊಂದು ಮೊದಲನೆಯದು ಕೆಟ್ಟರೆ ಇರಲಿ ಎಂದು. ಅವಳನ್ನು ನೋಡಲು ಬಂದವರು ಹುಡುಗನ ಜಾತಕ ಕೊಟ್ಟಾಗ, "ಇದ್ರುದು ಇನ್ನೊಂದು ಪ್ರತಿ ಐತಾ?" ಎಂದು ಕೇಳಿಬಿಟ್ಟಳು. ಸಂಬಂಧ ಅಲ್ಲಿಗೇ ನಿಂತಿತು.

ಅವ್ವ ಹಣೆ ಚಚ್ಚಿಕೊಂಡಳು. "ಇವಳ್ಗೆ ಗಂಡನ್ನೂ ಇಬ್ರುನ್ನ ತರ್ಬೇಕಾಯ್ತದೆ!"

"ಒಬ್ನೇ ಸಾಕು ಕಣವ್ವ, ಕೆಡದಂಗಿದ್ರೆ," ಎಂದಳು ಅಕ್ಕ.

ಇಂಥವಳಿಗೆ ತಕ್ಕ ಕೆಲಸವೇ ಸಿಕ್ಕಿತು. ಎರಡು ಸಾವಿರದ ಇಸವಿ ದಾಟಿದ ಹೊಸತು. ರಾಸುಗಳಿಗೆ ಚುಚ್ಚುಮದ್ದು ಹಾಕುವ ಸಂಸ್ಥೆಯೊಂದರ ಹುಣಸೂರು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಳು. ಯಾವ ಹಸುವಿಗೆ ಯಾವತ್ತು ಚುಚ್ಚಿದರು, ಯಾವಾಗ ಕರು ಹಾಕಿತು, ಎಲ್ಲವನ್ನೂ ಹಸುವಿನ ಕಿವಿಗೆ ಚುಚ್ಚಿದ ಓಲೆಯ ನಂಬರಿನ ಪ್ರಕಾರ ಬರೆದಿಡುವುದು. ಅವಳು ಇಲ್ಲಿ ಬರೆದದ್ದು ಆಗಿಂದಾಗಲೇ ಫೋನಿನ ತಂತಿಯಲ್ಲಿ ಹೋಗಿ ಕೆ.ಆರ್. ನಗರದ ಕಚೇರಿಯ ಮಿಷನ್ನಿನಲ್ಲೂ ನಕಲಾಗುತ್ತಿತ್ತು. ಅಕ್ಕನಿಗೆ ಇನ್ನೇನು ಬೇಕು! ಆ ಎರಡನೇ ಮಿಷನ್ ಇದ್ದ ಕೋಣೆ ಗುಡಿಸಿ ಒರೆಸುವ ಕೆಲಸ ನನ್ನದು. ಅದನ್ನೂ ಅವಳೇ ಕೊಡಿಸಿದ್ದು.

ನಕಲಿನಲ್ಲಿ ಏನಾದರೂ ನೋಡಬೇಕಾದರೆ ಒಂದು ಕ್ರಮವಿತ್ತು. ನೇರವಾಗಿ ತೆರೆಯಬೇಕೆಂದರೆ ಹುಣಸೂರಿನಿಂದ ಬರುವುದನ್ನು ನಿಲ್ಲಿಸಬೇಕಾಗುತ್ತಿತ್ತು. ಅದಕ್ಕೆ, ಆ ಕ್ಷಣ ಅದು ಹೇಗಿದೆಯೋ ಹಾಗೇ ಮಿಷನ್ನಿನಿಂದಲೇ ಒಂದು ಫೋಟೊ ತೆಗೆಸಿ, ಆ ಫೋಟೊದಲ್ಲಿ ಹುಡುಕಬೇಕು. ಬರುವುದು ಬರುತ್ತಲೇ ಇರುತ್ತದೆ. ಅಲ್ಲಿನ ಗುಮಾಸ್ತ ಮೇಲಿಂದ ಮೇಲೆ ರಜೆ ಹಾಕುತ್ತಿದ್ದರಿಂದ ಅಕ್ಕ ನನಗೂ ಇದನ್ನು ಕಲಿಸಿದಳು. "ನಾಲೆ ನೀರು ತಿಳಿಯಾಗೈತಾ ಅಂತ ನೋಡಕ್ಕೆ ತೂಬು ಮುಚ್ತಾರೇನ್ಲಾ? ಒಂದು ಚೊಂಬು ಮೊಗ್ದು ನೋಡು, ಅಷ್ಟೆಯ." ಕಲಿಸಿ, ಎರಡು ಸಲ ಒಪ್ಪಿಸಿಕೊಂಡಳು.

ಫೋಟೊ ಆಗಲು ಹತ್ತು ನಿಮಿಷ.

ಗುಮಾಸ್ತ ಇಲ್ಲದ ಒಂದು ಬೆಳಿಗ್ಗೆ ಸಾಲಿಗ್ರಾಮದ ಗೌಡರೊಬ್ಬರು, ತಮ್ಮ ಹಸು ಕೊಳ್ಳುವವನನ್ನೂ ಕರೆದುಕೊಂಡು ಬಂದರು. "ನಮ್ಮ ಹಸ ಎಷ್ಟ್ನೇ ಸೂಲು, ಎಷ್ಟು ಕರ ಹಾಕೈತೆ ಅಂತ ಇವ್ರಿಗೆ ತೋರ್ಸಪ್ಪ. ಬಸ್ಸಿಗೆ ಹೊತ್ತಾಯ್ತದೆ." ಫೋಟೊ ತೆಗೆಯಲು ಕೊಟ್ಟೆ. ಎರಡು ನಿಮಿಷವಾಯಿತು, ಮೂರಾಯಿತು.

"ಗುಡ್ಸೋನ್ ಕೈಲಿ ಇವೆಲ್ಲ ಆಯ್ತದಾ? ಬುಡಿ ಗೌಡ್ರೇ," ಎಂದು ಕೊಳ್ಳುವವನು ನಕ್ಕ.

ಆ ನಗು ತಡೆಯಲಾಗಲಿಲ್ಲ. ನಕಲು ನಿಲ್ಲಿಸಿದೆ. ನೇರವಾಗಿ ತೆರೆದು, "ನೋಡಿ, ಎರಡನೇ ಸೂಲು!" ಎಂದು ಎದೆಯುಬ್ಬಿಸಿ ತೋರಿಸಿದೆ. ಗೌಡರು ಟೀ ಕುಡಿಸಿದರು. ವಾಪಸ್ ಬಂದು ನಕಲನ್ನು ಮತ್ತೆ ಶುರು ಮಾಡಲು ಹೋದರೆ ಮಿಷನ್ ಇಂಗ್ಲಿಷಿನಲ್ಲಿ ಏನೇನೋ ಕೇಳಿತು. ಹೆದರಿ, ನಕಲು ನಿಂತದ್ದನ್ನು ಹಾಗೇ ಬಿಟ್ಟು ಎದ್ದೆ.

ಸಂಜೆ ಅಕ್ಕನ ಫೋನು. "ಇಲ್ಲಿ ಹಳದಿ ಗುರ್ತು ಬತ್ತೈತೆ ಕಣೋ, ನಕಲು ಹೋಯ್ತಿಲ್ವೇನೋ. ಅಲ್ಲಿ ಎಲ್ಲ ಸರಿಯಾಗೈತಾ?"

"ಸರಿಯಾಗೈತೆ ಕಣಕ್ಕ."

"ನೋಡ್ದಾ?"

"ನೋಡ್ದೆ."

ಬೀಗವನ್ನೂ ನಂಬದವಳು ನನ್ನ ಮಾತು ನಂಬಿ ಫೋನಿಟ್ಟಳು. ಎರಡನೇ ಸಲ ಕೇಳಲೇ ಇಲ್ಲ.

ಗುಮಾಸ್ತ ರಜೆ ಮುಗಿಸಿ ಬರುವ ಮೊದಲೇ, ಒಂಬತ್ತನೇ ದಿನ ಹುಣಸೂರಿನ ಮಿಷನ್ ಸುಟ್ಟುಹೋಯಿತು. ಆ ಒಂಬತ್ತು ದಿನವೂ ಊರೂರಲ್ಲಿ ಕಾಲುಬಾಯಿ ಜ್ವರಕ್ಕೆ ಚುಚ್ಚಿದ್ದರು. ಅದರ ಲೆಕ್ಕ ಎರಡೂ ಕಡೆ ಇಲ್ಲ! ಚುಚ್ಚಿದವರು ಬರೆದು ತಂದಿದ್ದ ಚೀಟಿಗಳನ್ನು, ಕಂಪ್ಯೂಟರಿಗೆ ಏರಿತಲ್ಲ ಎಂದು ಕಚೇರಿಯವರು ಆಗಲೇ ಹರಿದುಹಾಕಿದ್ದರು. "ತಂತಿ ಕೆಟ್ಟಿರ್ಬೇಕು ಸಾರ್," ಎಂದೆ ನಾನು, ವಿಚಾರಿಸಲು ಬಂದ ಸಾಹೇಬರಿಗೆ. ಹಳದಿ ಗುರುತು ಕಂಡೂ ಸುಮ್ಮನಿದ್ದಳೆಂದು ತಪ್ಪೆಲ್ಲ ಅಕ್ಕನ ತಲೆಗೆ ಬಂತು. ಹೋದದ್ದನ್ನು ತಿಂಗಳೊಳಗೆ ಕೂಡಿಸದಿದ್ದರೆ ಕೆಲಸವಿಲ್ಲ ಎಂದರು ಸಾಹೇಬರು. ಅವಳು ನನ್ನ ಹೆಸರನ್ನೇ ಎತ್ತಲಿಲ್ಲ.

ನೋಟ್‌ಬುಕ್ ಹಿಡಿದು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಅಲೆದಳು. ಒಂದು ಭಾನುವಾರ ನಾನೂ ಹೋದೆ. ಕಟ್ಟೆಮಳಲವಾಡಿಯಲ್ಲಿ, ಅವಳು ಕಿವಿ ಹಿಡಿದ ಕೂಡಲೇ ಹಸುವೊಂದು ನೋಟ್‌ಬುಕ್ಕಿನ ಹಾಳೆ ಎಳೆದು ತಿಂದೇಬಿಟ್ಟಿತು. "ತಿನ್ನು ತಾಯಿ, ಇನ್ನೊಂದ್ರಲ್ಲೂ ಬರ್ಕಂಡಿದೀನಿ," ಎಂದು ಅಕ್ಕ ಚೀಲ ತಟ್ಟಿದಳು. ಮನೆಯವರೆಲ್ಲ ನಕ್ಕರು.

"ಇದ್ಯಾರವ್ವ ಜೊತ್ಗೆ?" ಎಂದಳು ಆ ಮನೆಯ ಮುದುಕಿ.

ಹಸುವಿನ ಓಲೆಗೆ ಮೆತ್ತಿದ್ದ ಸಗಣಿ ಒರೆಸುತ್ತಾ ಅಕ್ಕ ಹೇಳಿದಳು: "ನನ್ ತಮ್ಮ ಕಣಜ್ಜಿ. ಆ ಕಡೆ ಮಿಷನ್ ನೋಡ್ಕಳೋನು. ಹಳೇ ಲೆಕ್ಕನಾದ್ರೂ ಉಳ್ದಿರೋದು ಇವನಿಂದ್ಲೇ."

ಅವಳ ಬೆರಳುಗಳು ಹಸುಗಳ ಹಗ್ಗ ಎಳೆದೆಳೆದು ಸುಲಿದಿದ್ದವು. ಹಗ್ಗವನ್ನು ನಾನು ತೆಗೆದುಕೊಂಡೆ. ಮುದುಕಿ ನಿಂತಿದ್ದಂತೆಯೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಅಕ್ಕ, ತಂತಿ ಕೆಟ್ಟಿರ್ಲಿಲ್ಲ. ನಾನೇ ನಿಲ್ಸಿದ್ದು. ನೀನು ಕೇಳ್ದಾಗ ಸುಳ್ಳೇಳ್ದೆ. ನಾಳೆ ಸಾಹೇಬ್ರಿಗೂ ಹೇಳ್ತೀನಿ. ತಪ್ಪಾಯ್ತು ಕಣಕ್ಕ."